ವಿಡಿಯೊ ಪಾಠದ ಮೇಷ್ಟ್ರು

ಮಾರ್ಚ್ ೧೧, ಮಂಗಳವಾರ

ಕೆಲಸ ಸಿಕ್ಕಿದೆ, ನಿದ್ದೆ ಮಾತ್ರ ಹತ್ತುತ್ತಿಲ್ಲ.

ಇವತ್ತಿನ ಸಂದರ್ಶನದಲ್ಲಿ ನನ್ನ ಇತಿಹಾಸದ ಡಿಗ್ರಿಯನ್ನು ಮ್ಯಾನೇಜರ್ ತಿರುವಿಯೂ ನೋಡಲಿಲ್ಲ. "ಇದು ಬಿಟ್ಟು ಇನ್ನೇನು ಬರುತ್ತಮ್ಮ?" ಎಂದರು. ಎಕ್ಸೆಲ್ ಎಂದೆ. ಗೋದಾಮಿನ ದಾಸ್ತಾನಿನ ಪಟ್ಟಿ ಕೊಟ್ಟು, ಲೆಕ್ಕ ಹೇಗೆ ಬೇಕೆಂದು ವಿವರಿಸಿ, "ಅರ್ಥ ಆಯ್ತಾ?" ಎಂದು ಕೇಳಿದರು. "ಆಯ್ತು ಮೇಷ್ಟ್ರೇ" ಎಂದುಬಿಟ್ಟೆ! ಕೋಣೆಯಲ್ಲಿ ಒಬ್ಬಳೇ ಕೂತು ಎಕ್ಸೆಲ್ ವಿಡಿಯೊ ಪಾಠದ ಮೇಷ್ಟ್ರಿಗೆ ಉತ್ತರ ಕೊಟ್ಟೂ ಕೊಟ್ಟೂ ನಾಲಿಗೆಗೆ ಅದೇ ರೂಢಿ. ಎಲ್ಲರೂ ನಕ್ಕರು. ಲೆಕ್ಕ ಸರಿಯಾಗಿ ಕೂತಾಗ ನಗು ನಿಂತಿತು. "ಸೋಮವಾರದಿಂದ ಬಾಮ್ಮ" ಎಂದರು.

ಅಣ್ಣನಿಗೆ ಫೋನ್ ಮಾಡಿದೆ. "ಒಳ್ಳೇದಾಯ್ತು ಬಿಡು, ಆಮೇಲೆ ಮಾತಾಡ್ತೀನಿ" ಎಂದು ಇಟ್ಟುಬಿಟ್ಟ. ಇನ್ನೂ ಫೋನ್ ಮಾಡಿಲ್ಲ.

ಕೊನೆಗೆ ಮೊದಲ ಪಾಠವನ್ನೇ ಹಾಕಿ, "ಮೇಷ್ಟ್ರೇ, ಕೆಲಸ ಸಿಕ್ತು" ಎಂದೆ. "ಏನೂ ಬರಲ್ಲ ಅಂತ ಹೆದರಬೇಡಿ, ನಾನಿದ್ದೀನಿ" ಎಂದರು, ಎಂದಿನಂತೆ. ಹಿಂದಕ್ಕೆಳೆದು ಇನ್ನೊಮ್ಮೆ ಕೇಳಿದೆ. ಇನ್ನೊಮ್ಮೆ…