ಒಂಬತ್ತು ಮೀಟರಿನ ಕೊನೆಯ ಮೂರು ಸಾಲು

ಗುರುವಾರ, ಬೆಳಿಗ್ಗೆ ಹತ್ತೂವರೆ
ಸೈಟಿನ ಶೆಡ್ಡು

ಪ್ರೀತಿಯ ಪುಟ್ಟಿಗೆ,

ಚೆನ್ನಾಗಿದ್ದೇನೆ ಎಂದು ಶುರು ಮಾಡಲು ಹೋದೆ, ಕೈ ಬರಲಿಲ್ಲ. ನಿನ್ನ ಅಮ್ಮ ಹೋಗಿ ಇವತ್ತಿಗೆ ನಲವತ್ತೊಂದು ದಿನ. ನೀನು ನನ್ನೊಡನೆ ಮಾತು ಬಿಟ್ಟೂ ಅಷ್ಟೇ ದಿನ. ಅವತ್ತು ನಾನು ಆಸ್ಪತ್ರೆಗೆ ತಡವಾಗಿ ಬಂದದ್ದಕ್ಕೆ ನೀನು ಕಾರಣ ಕೇಳಲಿಲ್ಲ. ಕೇಳಿದ್ದರೆ ಒಳ್ಳೆಯದಿತ್ತು.

ಹೊರಗೆ ಬೋರು ಕೊರೆಯುವ ಯಂತ್ರ ಓಡುತ್ತಿದೆ. ಒಂಬತ್ತು ಮೀಟರಿಗೆ ಇಳಿಯಲು ಇನ್ನೂ ಎರಡು ಗಂಟೆ ಬೇಕು. ಸುಮ್ಮನೆ ಕೂರಲಾಗದೆ ಬರೆಯುತ್ತಿದ್ದೇನೆ.

ನನ್ನ ಕೆಲಸವನ್ನು ನೀನು ಎಂದೂ ಹತ್ತಿರದಿಂದ ನೋಡಿಲ್ಲ. ಕೊರೆದ ತೂತಿನೊಳಗೆ ರಬ್ಬರು ಹೊದಿಕೆಯ ಒಂದು ಕೊಳವೆ ಇಳಿಸುತ್ತೇವೆ. ಮೇಲಿನಿಂದ ನೀರು ತುಂಬಿ ಒತ್ತಡ ಏರಿಸಿದರೆ ಅದು ಉಬ್ಬಿ ಸುತ್ತಲಿನ ಮಣ್ಣನ್ನು ತಳ್ಳುತ್ತದೆ. ಒತ್ತಡ ಹತ್ತು ಹಂತದಲ್ಲಿ ಏರಬೇಕು. ಒಂದೊಂದು ಹಂತವನ್ನೂ ಒಂದು ನಿಮಿಷ ಹಿಡಿದು, ಎಷ್ಟು ನೀರು ಒಳಗೆ ಹೋಯಿತೆಂದು ಮೇಲಿನ ಗಾಜಿನ ನಳಿಗೆ ನೋಡಿ ಹದಿನೈದು, ಮೂವತ್ತು, ಅರವತ್ತನೆಯ ಸೆಕೆಂಡಿಗೆ ಓದಿ ಬರೆಯಬೇಕು. ಗಟ್ಟಿ ಮಣ್ಣು ತಡೆದು ನಿಲ್ಲುತ್ತದೆ. ಮೆತ್ತನೆಯದು ಯಾವುದೋ ಒಂದು ಹಂತದಲ್ಲಿ ಸೋಲುತ್ತದೆ, ಆಗ ನೀರು ಒಮ್ಮೆಗೇ ನುಗ್ಗುತ್ತದೆ. ಆ ಅಂಕಿಗಳನ್ನು ನಂಬಿ ಕಚೇರಿಯವರು ಅಡಿಪಾಯ ಎಂಥದ್ದು, ಎಷ್ಟು ಆಳ ಎಂದು ತೀರ್ಮಾನಿಸುತ್ತಾರೆ. ನಡುವೆ ಬಿಟ್ಟು ಆಮೇಲೆ ಮುಂದುವರಿಸುವ ಹಾಗಿಲ್ಲ. ಒಮ್ಮೆ ತಳ್ಳಿದ ಮಣ್ಣಿನಲ್ಲಿ ಎರಡನೇ ಸಲ ಅಂಕಿ ತಪ್ಪು ಬರುತ್ತದೆ.

ಅಮ್ಮ ಹೋದ ದಿನ ನಾನು ಇದೇ ಸೈಟಿನ ನಾಲ್ಕನೇ ಬೋರಿನಲ್ಲಿ, ಒಂಬತ್ತು ಮೀಟರಿನ ಪರೀಕ್ಷೆಯಲ್ಲಿದ್ದೆ. ಏಳನೇ ಹಂತ ಮುಗಿಯುವಾಗ ನಿನ್ನ ಫೋನು ಬಂತು. ಎತ್ತಿ ಮಾತಾಡಲೂ ನಿಲ್ಲದೆ, ಪೆನ್ಸಿಲು ಎಸೆದು ಓಡಿದೆ. ಊರಿನ ಈ ತುದಿಯಿಂದ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಹಾಳೆಯಲ್ಲಿ ಕೊನೆಯ ಮೂರು ಸಾಲು ಖಾಲಿ ಉಳಿದವು. ಮುಂದಿನ ವಾರ ಕಚೇರಿಯವರು ಕೇಳಿದಾಗ ಅವನ್ನು ನಾನೇ ತುಂಬಿಸಿ ಕೊಟ್ಟೆ. ಇಪ್ಪತ್ತೆರಡು ವರ್ಷ ಇದೇ ಕೆಲಸ ಮಾಡಿದ ಕೈ, ಅಂಕಿಗಳು ಹೇಗೆ ಏರುತ್ತವೆ ಎಂದು ಅದಕ್ಕೆ ಗೊತ್ತು. ಸಾಲು ತೀರಾ ನುಣುಪಾಗಿ ಕಾಣಬಾರದೆಂದು ಒಂಬತ್ತನೇ ಹಂತದಲ್ಲಿ ಒಂದಿಷ್ಟು ಹೆಚ್ಚೇ ಬರೆದೆ. ಅಷ್ಟು ಬುದ್ಧಿ ಎಲ್ಲಿಂದ ಬಂತೋ.

ಯಾರಿಗೂ ಅನುಮಾನ ಬರಲಿಲ್ಲ. ಇಲ್ಲಿ ನಾಲ್ಕು ಮಹಡಿಯ ಶಾಲೆ ಏಳುತ್ತದೆ. ನಾಳೆ ಬೆಳಿಗ್ಗೆ ಏಳಕ್ಕೆ ಕಾಂಕ್ರೀಟು. ನಿನ್ನೆ ಬಂದು ನೋಡಿದರೆ ಕಬ್ಬಿಣ ಕಟ್ಟಿ ಮುಗಿದಿತ್ತು.

ಇವತ್ತು ಬೆಳಿಗ್ಗೆ ಎಂಜಿನಿಯರ್ ಮೇಡಂ ಹತ್ತಿರ ಹೋಗಿ ಹೇಳಿದೆ. ನಿನಗಿಂತ ನಾಲ್ಕೈದು ವರ್ಷ ದೊಡ್ಡವರಿರಬಹುದು. ಕೈಯಲ್ಲಿದ್ದ ಚಹಾ ಲೋಟ ಕೆಳಗಿಟ್ಟರು. "ಎಷ್ಟು ಸಾಲು?" ಎಂದರು. ಮೂರು ಎಂದೆ. "ಬೇರೆ ಬೋರಲ್ಲಿ?" ಎಂದರು. "ಇಲ್ಲ ಮೇಡಂ, ನನ್ನ ಮಗಳಾಣೆ" ಎಂದೆ. "ಆಣೆ ಗೀಣೆ ಬೇಡ. ನಾಳೆಗೆ ಮೂವತ್ತು ಲಾರಿ ಹೇಳಾಗಿದೆ. ಇದನ್ನ ಇವತ್ತು ಬಂದು ಹೇಳ್ತಿದೀರಲ್ಲ, ಏನ್ರೀ ನೀವು!"

ಯಾಕೆ ಹೀಗಾಯಿತೆಂದು ಹೇಳಿದೆ. ಆಗ ಅವರ ದನಿ ತಗ್ಗಿತು. "ಅಂಥ ಹೊತ್ತಲ್ಲಿ ಯಾರಾದ್ರೂ ಓಡ್ತಾರೆ. ಆದ್ರೆ ಹಾಳೆ ಖಾಲಿ ಬಿಡ್ಬೇಕಿತ್ತು" ಎಂದರು. ಹಳೆಯ ಬೋರಿನಿಂದ ಎರಡು ಮೀಟರು ಆಚೆ, ಕಬ್ಬಿಣದ ಅಂಚಿಗೆ ಹೊಸದು ಕೊರೆಯಲು ಹೇಳಿದರು.

ಕೊರೆಯುತ್ತಿರುವವನು ಅವತ್ತಿದ್ದವನೇ. ಅವನಿಗೆ ನಾವು ರೇಡಿಯೋ ಅನ್ನುತ್ತೇವೆ; ನಿದ್ದೆಯಲ್ಲಿ ಬಿಟ್ಟರೆ ಅವನ ಬಾಯಿ ಮುಚ್ಚಿದ್ದನ್ನು ಯಾರೂ ಕಂಡಿಲ್ಲ. ನಾನು ಮೇಡಂಗೆ ಹೇಳುವಾಗ ಪಕ್ಕದಲ್ಲೇ ನಿಂತಿದ್ದ. ತುಟಿ ಬಿಚ್ಚಲಿಲ್ಲ.

ಮಧ್ಯಾಹ್ನ ಮೂರೂವರೆ

ಮುಗಿಯಿತು.

"ಓದೋದು ನೀವೇ. ನಾನು ಪಕ್ಕದಲ್ಲಿರ್ತೀನಿ" ಎಂದು ಮೇಡಂ ಸ್ಟೂಲು ಎಳೆದುಕೊಂಡು ಕೂತರು. ನಾನು ಕೂಗಿದ್ದನ್ನು ಅವರೇ ಬರೆದುಕೊಂಡರು. ಆರು, ಏಳು ಸರಿಯಾಗಿ ಹೋದವು. ಎಂಟನೇ ಹಂತದಲ್ಲಿ ಹದಿನೈದಕ್ಕೆ ಓದಿದೆ, ಮೂವತ್ತಕ್ಕೆ ಓದಿದೆ. ಆಮೇಲೆ ಗಾಜಿನ ನಳಿಗೆಯಲ್ಲಿ ನೀರು ನಿಲ್ಲಲೇ ಇಲ್ಲ. ಇಳಿಯಿತು, ಇನ್ನೂ ಇಳಿಯಿತು.

"ರಬ್ಬರು ಹರೀತು ಕಾಣುತ್ತೆ ಮೇಡಂ" ಎಂದ ರೇಡಿಯೋ, ಬೇಗ ಬೇಗ.

"ಒತ್ತಡ ಹಂಗೇ ಇದೆಯಲ್ಲಪ್ಪ. ಹರಿದಿದ್ರೆ ಇರ್ತಿತ್ತಾ?" ಎಂದರು ಮೇಡಂ. ಕೊಳವೆ ಮೇಲೆತ್ತಿ ನೋಡಿದೆವು. ರಬ್ಬರಿಗೆ ಒಂದು ಗೀರೂ ಆಗಿರಲಿಲ್ಲ. ಅವತ್ತು ನಾನು ಬರೆದಿದ್ದಕ್ಕಿಂತ ಮೂರು ಪಟ್ಟು ನೀರು ಹೋಗಿತ್ತು. ಮಣ್ಣು ಅಲ್ಲಿ ಮೆತ್ತಗಿದೆ, ಪುಟ್ಟಿ.

ಮೇಡಂ ನನ್ನೆದುರೇ ಫೋನು ಮಾಡಿ ನಾಳೆಯ ಲಾರಿಗಳನ್ನು ನಿಲ್ಲಿಸಿದರು. ಅಡಿಪಾಯವನ್ನು ಮೊದಲಿನಿಂದ ಲೆಕ್ಕ ಹಾಕಬೇಕಂತೆ. ಸೋಮವಾರ ಕಚೇರಿಗೆ ಬಂದು ನಡೆದದ್ದನ್ನೆಲ್ಲ ಬರೆದುಕೊಡಿ ಎಂದರು. ಕೆಲಸ ಉಳಿಯುವುದು ಅನುಮಾನ.

ಊಟಕ್ಕೆ ಕೂತಾಗ ರೇಡಿಯೋ ಪಕ್ಕ ಬಂದು ಕೂತ. "ಅಣ್ಣಾ, ಅವತ್ತಿಂದು ನಾನೇನೂ ನೋಡಿಲ್ಲ ಬಿಡಿ. ಈ ಬಾಯಿ ಊರಿಗೆಲ್ಲ ಎಲ್ಲಾನೂ ಹೇಳುತ್ತೆ, ಇದೊಂದು ಹೇಳಲ್ಲ" ಎಂದ. ನಾನು ಡಬ್ಬಿ ಮುಚ್ಚಿ ಎದ್ದೆ.

ಮಾತಾಡು ಎಂದು ಕೇಳುವ ಮುಖ ನನಗಿಲ್ಲ. ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ
ಅಪ್ಪ

ವಿ.ಸೂ.: ಲಕೋಟೆ ಅಂಟಿಸಿದ್ದೆ, ಹರಿದು ತೆಗೆದೆ. ಅವತ್ತು ನಾನು ಓಡಲಿಲ್ಲ. ನೀನು ಮೂರು ಸಲ ಫೋನು ಮಾಡಿದೆ, ಮೂರು ಸಲವೂ ನಾನು ಅದನ್ನು ನೋಡುತ್ತ ಕೂತಿದ್ದೆ. ಎತ್ತಿದರೆ ಅಮ್ಮ ಹೋದಳೆಂದು ನೀನು ಹೇಳಿಬಿಡುತ್ತೀಯ ಎಂದು ಹೆದರಿದೆ. ಕೈ ಒತ್ತಡ ಏರಿಸುತ್ತಲೇ ಇತ್ತು. ನೀರು ಕಣ್ಣೆದುರೇ ಇಳಿದಿರಬೇಕು, ನಾನು ನೋಡಲಿಲ್ಲ. ಆ ಮೂರು ಸಾಲನ್ನು ಅಲ್ಲೇ, ಆಗಲೇ ಬರೆದೆ. ರೇಡಿಯೋ ತೋಳು ಹಿಡಿದು, "ಅಣ್ಣಾ, ಹೋಗೀ, ನಾನು ನೋಡ್ಕೋತೀನಿ" ಎಂದು ಅಂಗಲಾಚಿದ. ನಾನು ಕೊಳವೆ ಮೇಲೆತ್ತಿ, ತೊಳೆದು, ಒರೆಸಿ, ಪೆಟ್ಟಿಗೆಗೆ ಹಾಕಿ, ಆಮೇಲೆ ಹೊರಟೆ. ಅಷ್ಟು ಹೊತ್ತೂ ನಿನ್ನ ಅಮ್ಮ ಇದ್ದಳು. ಸೋಮವಾರ ಕಚೇರಿಗೂ ಇದನ್ನೇ ಬರೆದುಕೊಡುತ್ತೇನೆ. ಅವರಿಗಿಂತ ಮೊದಲು ನೀನು ಓದಬೇಕು.