ಮುತ್ಯಾ ಒಡೆದ ಕಾಯಿ

ನೆಲೋಗಿಯ ನಮ್ಮ ಮುತ್ಯಾನ ಪಾದಗಳಿಗೆ ಮೊಮ್ಮಗ ಚಂದ್ರಾಮನ ನಮಸ್ಕಾರ.

ಕಲ್ಲು ಕಟ್ಟುವ ಗೌಂಡಿ ಕೆಲಸಕ್ಕೆ ಈ ಕಾಲೇಜಿನ ಊರಿಗೆ ಬಂದು ಎಂಟು ದಿನವಾಯಿತು. ಇಲ್ಲಿ ಹುಡುಗರು ಸೈಕಲ್ ಮೇಲೆ ಕೂತೇ ಪುಸ್ತಕ ಓದುತ್ತಾರೆ! ಇಲ್ಲಿನ ಚರ್ಚಿಗೆ ಐವತ್ತು ವರ್ಷ ತುಂಬುತ್ತದೆಂದು ಹೊಸ ಮೆಟ್ಟಿಲು ಕಟ್ಟಿಸುತ್ತಿದ್ದಾರೆ. ಮೊದಲ ಕಲ್ಲು ಇಡುವಾಗ ರೂಢಿಯಂತೆ ಕಾಯಿ ಒಡೆದುಬಿಟ್ಟೆ. ಸಪ್ಪಳ ಕೇಳಿ ಪಾದ್ರಿ ಓಡಿ ಬಂದರು. ನನ್ನ ಕೆಲಸ ಹೋಯಿತೆಂದುಕೊಂಡೆ.

"ಯಾವೂರಪಾ ನಿಂದು?"

"ನೆಲೋಗಿ ರೀ. ಈ ಚರ್ಚ್ ಕಟ್ಟೂವಾಗ ನಮ್ಮ ಮುತ್ಯಾ ಅಮೋಘಸಿದ್ದನೂ ಇಲ್ಲೇ ಕಾಯಿ ಒಡದಿದ್ದನಂತ್ರಿ."

ಪಾದ್ರಿ ಒಳಗೆ ಹೋಗಿ, ಚರ್ಚಿನ ಚರಿತ್ರೆ ಬರೆದಿಟ್ಟ ದಪ್ಪ ಪುಸ್ತಕ ತಂದು ಓದಿದರು. ಆಗಿನ ಬಿಳಿಯ ದೊರೆ ಪಾದ್ರಿ ತಮ್ಮ ಕೈಯಾರೆ ಹೀಗೆ ಬರೆದಿದ್ದಾರೆ: "ಗೌಂಡಿ ಅಮೋಘಸಿದ್ದನು ಕಾಯಿ ಒಡೆಯದೆ ಮೂಲೆಗಲ್ಲು ಮುಟ್ಟೆನೆಂದು ಮೂರು ದಿನ ಸುಮ್ಮನೆ ಕುಳಿತನು. ನಾಲ್ಕನೆಯ ದಿನ ನಾನೇ ಸಂತೆಯಿಂದ ಕಾಯಿ ತಂದುಕೊಟ್ಟೆನು." ಓದಿ ಮುಗಿಸಿ, ನಾನು ಒಡೆದ ಕಾಯಿಯ ಒಂದು ಹೋಳನ್ನು ತಾವೂ ತಿಂದರು.

ಅಂದರೆ ದೊರೆಯೇ ಕಾಯಿ ತಂದುಕೊಟ್ಟನೆಂದು ಇಷ್ಟು ವರ್ಷ ಊರ ಕಟ್ಟೆಯ ಮೇಲೆ ಕೂತು ನೀನು ಹೇಳಿದ್ದೆಲ್ಲ ಖರೆ. ಊರು ಬಡಾಯಿ ಎಂದು ನಕ್ಕಿತು. ನಾನೂ ನಕ್ಕಿದ್ದೆ, ತಪ್ಪಾಯಿತು.

ನನ್ನ ಕೆಮ್ಮು ಕಡಿಮೆಯಾಗಿದೆ ಎಂದು ಅವ್ವನಿಗೆ ಹೇಳು. ಜಾಗ ಮುಗಿಯುತ್ತ ಬಂತು. ಲಕೋಟೆಗೆ ಕಾಸಿಲ್ಲದೆ ಕಾರ್ಡು ಬರೆದೆನೆಂದು ತಿಳಿಯಬೇಡ; ಮುಚ್ಚದ ಕಾಗದವನ್ನು ಯಾರು ಬೇಕಾದರೂ ಓದಬಹುದು. ನಿನಗೆ ಕಾಗದ ಓದಿ ಹೇಳುವ ಟಪಾಲಿನ ಗುಡುಸಾಬ ಕಾಕಾನೇ ಎಲ್ಲರಿಗಿಂತ ಹೆಚ್ಚು ನಕ್ಕವನು. ಈಗ ಅವನೇ ಕಟ್ಟೆಯ ಮೇಲೆ ನಿಂತು, ಎಲ್ಲರಿಗೂ ಕೇಳುವಂತೆ ಓದಲಿ.