ಖಾಲಿ ಬಿಡಬಾರದ ಗುಣಿ

ಅಪ್ಪಾ,

ಕಾಗದದ ನೆತ್ತಿಗೆ ಮೊದಲು ‘ತೀರ್ಥರೂಪು’ ಎಂದು ಬರೆದೆ, ಆಮೇಲೆ ಹೊಡೆದುಹಾಕಿದೆ. ನಿನ್ನ ಹತ್ತಿರ ಜಗಳ ಆಡಬೇಕಾಗಿದೆ. ತೀರ್ಥರೂಪರ ಹತ್ತಿರ ಜಗಳ ಆಡಲು ನನಗೆ ಬಾಯಿ ಬರುವುದಿಲ್ಲ. ಬರುವ ಯುಗಾದಿಗೆ ನೀನು ಹೋಗಿ ಎರಡು ವರ್ಷ. ಈ ಎರಡು ವರ್ಷವೂ ನಿನ್ನ ಮಗ ತಿಪ್ಪ ನಿನ್ನ ಜಾಗದಲ್ಲೇ ಕೂತಿದ್ದಾನೆ, ತಾತ ನೆಲ ಅಗೆದು ಮಾಡಿದ ಆ ಮಗ್ಗದ ಗುಣಿಯೊಳಗೆ ಕಾಲು ಇಳಿಬಿಟ್ಟುಕೊಂಡು. ಅಲ್ಲಿಂದ ಏನು ಕಾಣುತ್ತದೆ ಎಂದು ನಿನಗೆ ಹೇಳಬೇಕೇ? ಎದುರಿಗೆ ಮಗ್ಗಕ್ಕೆ ಬಿಗಿದ ರೇಷ್ಮೆ ಎಳೆಗಳ ಹಾಸು, ಪಕ್ಕದಲ್ಲಿ ಗೇಣುದ್ದದ ಕಿಟಕಿ, ಕಿಟಕಿಯಲ್ಲಿ ಬೀದಿಯವರ ಪಾದಗಳು. ಮೊಳಕಾಲ್ಮೂರಿನ ಅರ್ಧ ಜನರನ್ನು ನಾನು ಹಿಮ್ಮಡಿ ನೋಡಿಯೇ ಗುರುತು ಹಿಡಿಯುತ್ತೇನೆ.

ನಾವಿಬ್ಬರೂ ಬೆಂಗಳೂರಿಗೆ ಹೋದದ್ದು ನೆನಪಿದೆಯೇ? ನನಗಾಗ ಹದಿನಾರು. ಸೀರೆ ಕೊಳ್ಳುವ ಸಾಹುಕಾರರು, ರುದ್ರಾಕ್ಷಿ ಅಂಚು, ಮಾವಿನಕಾಯಿ ಅಂಚು ನೋಡಿ ನೋಡಿ ಬೆಂಗಳೂರಿನ ಹೆಂಗಸರಿಗೆ ಸಾಕಾಗಿದೆ, ಲಾಲ್‌ಬಾಗಿಗೆ ಪರದೇಶದ ಗಿಡಗಳು ಬಂದಿವೆ, ಹೊಸ ಅಂಚಿಗೆ ಅದರಲ್ಲಿ ಒಂದನ್ನು ಆರಿಸಿಕೊಂಡು ಬಾ ಎಂದಿದ್ದರು. ಚಳ್ಳಕೆರೆ, ಚಿತ್ರದುರ್ಗ ದಾಟಿ ಹೊಳಲ್ಕೆರೆಯವರೆಗೆ ಗಾಡಿ, ಅಲ್ಲಿಂದ ರೈಲು. ತೋಟದಲ್ಲಿ ಉಳಿದವರೆಲ್ಲ ಹೂವಿನ ಮುಖ ನೋಡಿಕೊಂಡು ಮುಂದೆ ಹೋಗುತ್ತಿದ್ದರು. ನೀನು ಮಾತ್ರ ಪ್ರತಿಯೊಂದು ಎಲೆಯನ್ನೂ ತಿರುಗಿಸಿ ಅದರ ಬೆನ್ನು ನೋಡುತ್ತಿದ್ದೆ, ಸೀರೆಯ ಬೆನ್ನು ನೋಡುವ ಹಾಗೆ. “ಬೆನ್ನಾಗೆ ನೇಯ್ದೋನ ಕೈ ಕಾಣ್ತೈತೆ, ಚೂಡರಾ ತಿಪ್ಪ” ಅಂದೆ. ಖುಷಿಯಾದರೆ ನಿನ್ನ ಬಾಯಿಗೆ ತೆಲುಗು ತಾನೇ ಬರುತ್ತಿತ್ತು. ಗುಲಾಬಿಯನ್ನು ಬೆನ್ನು ಚೆನ್ನಾಗಿಲ್ಲ ಎಂದು ತಳ್ಳಿಹಾಕಿದವನು ಆ ತೋಟದ ಚರಿತ್ರೆಯಲ್ಲಿ ನೀನೊಬ್ಬನೇ ಇರಬೇಕು.

ನಾನು ಅಷ್ಟರಲ್ಲಿ ಒಂದು ದೊಡ್ಡ ಮರದ ಕೆಳಗೆ ಅಂಗಾತ ಮಲಗಿದ್ದೆ. ಬರೀ ಎಲೆ, ಎಲೆಗಳ ನಡುವೆ ಚೂರು ಚೂರು ಆಕಾಶ. ಒದ್ದೆ ಮಣ್ಣಿನ ವಾಸನೆ. ಹುಟ್ಟಿದಾಗಿನಿಂದ ತಲೆ ಬಗ್ಗಿಸಿ ಎಳೆ ಎಣಿಸಿದವನಿಗೆ ಮೇಲೆ ನೋಡುವುದೇ ಒಂದು ಕೆಲಸ ಎಂದು ಅವತ್ತೇ ಗೊತ್ತಾದದ್ದು. ಗಾಜಿನ ಮನೆಯ ಹತ್ತಿರ ಕುಂಡಗಳಿಗೆ ಮಣ್ಣು ತುಂಬುತ್ತಿದ್ದ ಮುದುಕ ಮಾಲಿಯ ಜೊತೆ ಕೂತು ನಾನೂ ತುಂಬಿದೆ. ಕೇಳಿದ್ದನ್ನೇ ಕೇಳಿದೆ. ಅವರು ಬೇಸರ ಮಾಡಿಕೊಳ್ಳಲಿಲ್ಲ.

ಕೊನೆಗೆ ನಾವಿಬ್ಬರೂ ಒಂದೇ ಗಿಡದ ಮುಂದೆ ನಿಂತೆವು. ಕ್ರೋಟನ್. ಕೆಂಪು, ಹಳದಿ, ಹಸಿರು ಗೆರೆಗಳು, ಬೆನ್ನಲ್ಲೂ ಅಷ್ಟೇ ಅಚ್ಚುಕಟ್ಟು. “ಇದನ್ನ ಯಾವನೋ ನೇಯ್ದೇ ಬಿಟ್ಟವ್ನೆ” ಅಂದೆ ನೀನು. ಸಸಿ ಕೊಡುವಾಗ ಮಾಲಿ ಕೇಳಿದರು, “ಮನೇಲಿ ಗುಣಿ ತೆಗೆದಿದ್ದೀರಾ?”

“ಐತೆ ಸ್ವಾಮಿ. ನಮ್ಮಪ್ಪ ತೆಗೆದಿದ್ದು.”

“ಅಷ್ಟು ಹಳೇದಾ? ಬಿಸಿಲು ಬೀಳುತ್ತಾ?”

“ಬಿಸಿಲು ಬಿದ್ರೆ ಬಣ್ಣ ಹೋಗಲ್ವಾ? ಬೀಳಾಕೆ ಬಿಡಲ್ಲ.”

“ಇಷ್ಟು ದಿನ ಅದರಲ್ಲಿ ಏನು ಹಾಕಿದ್ರಿ?”

“ಏನ್ ಹಾಕೋದು ಸ್ವಾಮಿ, ನಾನೇ ಕೂತ್ಕಂಡಿದೀನಿ.”

ಅವರು ಕೇಳಿದ್ದು ಗಿಡ ನೆಡುವ ಗುಣಿ, ನೀನು ಹೇಳಿದ್ದು ಮಗ್ಗದ ಗುಣಿ. ಗೊತ್ತಾದ ಮೇಲೆ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕಿರಿ. ನಗು ನಿಂತ ಮೇಲೆ ಅವರು, “ಹುಡುಗನ ಕೈಯಲ್ಲಿ ಗಿಡ ಏಳುತ್ತೆ. ಇಲ್ಲೇ ಬಿಡಿ, ಕೆಲಸ ಕಲಿಸ್ತೀನಿ” ಅಂದರು. ನೀನು ನನ್ನ ಮುಖ ಕೂಡ ನೋಡಲಿಲ್ಲ. “ಇವ್ನು ಇಲ್ಲಿದ್ರೆ ನನ್ನ ಹಿಂದೆ ಅಲ್ಲಿ ಗುಣಿ ಖಾಲಿ ಆಗ್ತೈತೆ” ಅಂದುಬಿಟ್ಟೆ. ಒಂದು ಸಲ ಕೇಳಬಹುದಿತ್ತಲ್ಲ ಅಪ್ಪ, ಏನಂತೀಯಾ ಮಗಾ ಎಂದು? ಕೇಳಿದ್ದರೆ ನಾನು...

ಊರಿಗೆ ಬಂದಾಗ ಅವ್ವ ಸಸಿ ನೋಡಿ ಮೂಗು ಮುರಿದಳು. “ಹೂವಿಲ್ಲ, ಕಾಯಿಲ್ಲ. ಇದಕ್ಕೆ ಹನ್ನೆರಡು ದಿನ ಬೇಕಾಯ್ತಾ ಅಪ್ಪ ಮಗನಿಗೆ?” ನೀನು ಕಾಲು ತೊಳೆದವನೇ ಮಗ್ಗದ ಹತ್ತಿರ ಹೋದೆ. “ನಾ ಬಿಟ್ಟೋದಾಗ ಇಷ್ಟು ನೇಯ್ದಿದ್ನಾ?” ಎಂದು ನಿನಗೆ ನೀನೇ ಕೇಳಿಕೊಂಡು, ಬಟ್ಟೆಯ ಬೆನ್ನು ತಿರುಗಿಸಿ ನೋಡಿ ಸುಮ್ಮನಾದೆ. ಆ ಎಲೆ ನಿನ್ನ ಅಂಚಿಗೆ ಬಂತು, ಊರೂರಿಗೆ ಹೋಯಿತು. ಅಂದಿನಿಂದ ನೀನು ಎದ್ದ ಹೊತ್ತಿನಲ್ಲಿ, ನೀನು ಹೋದ ಮೇಲೆ ದಿನವಿಡೀ, ನನ್ನದೂ ಅದೇ ಕೆಲಸ. ಗಿಡ ಹೊರಗೆ ಬಿಸಿಲಲ್ಲಿ, ನಾನು ಒಳಗೆ ಕೂತು ಅದರ ಎಲೆ ನೇಯುವುದು.

ಹಾಸಿಗೆ ಹಿಡಿದ ಮೇಲೆ ನೀನು ಹೆಚ್ಚು ಮಾತಾಡಲಿಲ್ಲ. ನನ್ನ ಕೈ ಹಿಡಿದು “ಗುಣಿ ಖಾಲಿ ಬಿಡಬ್ಯಾಡ ಮಗಾ” ಅಂದೆ. ನಾನು ಹೂಂ ಅಂದೆ. ಸಾಯುವವರಿಗೆ ಇಲ್ಲ ಎನ್ನಲಾಗುತ್ತದೆಯೇ? ನಿನ್ನ ಮೇಲೆ ನನಗೆ ಸಿಟ್ಟಿದೆ ಅಪ್ಪ. ಗುಣಿಗೆ ಇಳಿಯುವಾಗಲೆಲ್ಲ ಇದೆ.

ಹೋದ ಸೋಮವಾರ ಚಳ್ಳಕೆರೆಯಿಂದ ಅಮಲ್ದಾರರ ಗುಮಾಸ್ತರು ಸೀರೆ ಕೊಳ್ಳಲು ಬಂದಿದ್ದರು. ಸೀರೆ ಮರೆತು ಗಿಡ ನೋಡುತ್ತಾ ನಿಂತರು. ಕ್ರೋಟನ್ ಈಗ ಸೂರು ಮುಟ್ಟಿದೆ, ಅದರ ಕಡ್ಡಿ ನೆಟ್ಟು ಒಡೆದ ಮಡಕೆಗಳಲ್ಲೆಲ್ಲ ಎಬ್ಬಿಸಿದ್ದೇನೆ. “ನಮ್ಮಲ್ಲಿ ದಾರಿಹೋಕರು ಇಳಿಯೋ ಮುಸಾಫಿರಖಾನೆ ಮುಂದೆ ತೋಟ ಮಾಡಿಸ್ತಿದ್ದೀವಿ. ಯಾವ ಗಿಡ ಅಂತ ನೀನೇ ಆರಿಸು. ಮಾಲಿಯಾಗಿ ಬರ್ತೀಯಾ?” ಎಂದರು. ನನ್ನ ಬಾಯಿಂದ ಏನು ಬಂತು ಗೊತ್ತೇ? “ಆಗಲ್ಲ ಸ್ವಾಮಿ. ಗುಣಿ ಖಾಲಿ ಆಗ್ತೈತೆ.” ನಿನ್ನದೇ ಮಾತು, ನಿನ್ನದೇ ದನಿ. ನನಗೇ ಹೆದರಿಕೆಯಾಯಿತು. ಮುಂದಿನ ಸೋಮವಾರದವರೆಗೆ ಕಾಯುತ್ತೇನೆ ಎಂದು ಅವರು ಹೋದರು.

ನಿನ್ನೆ ಬೆಳಿಗ್ಗೆ ನೀರು ತರಲು ಹೋಗಿದ್ದೆ. ವಾಪಸ್ಸು ಬಂದರೆ ಒಳಗೆ ಮಗ್ಗದ ಸದ್ದು. ನೀನೇ ಬಂದೆಯೇನೋ ಅನ್ನಿಸಿ ಕೊಡ ಹೊಸಿಲಲ್ಲೇ ಇಟ್ಟು ಇಣುಕಿದೆ. ಅವ್ವ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಗುಣಿಯಲ್ಲಿ ಕೂತಿದ್ದಾಳೆ.

“ಅವ್ವಾ, ಹೆಂಗಸರು ಗುಣಿಗೆ ಇಳೀತಾರಾ? ಜನ ಏನಂತಾರೆ?”

ಅವಳು ಲಾಳಿ ನಿಲ್ಲಿಸಲಿಲ್ಲ. “ಗುಣಿ ಖಾಲಿ ಬಿಡಬ್ಯಾಡ ಅಂದ್ರು ನಿಮ್ಮಪ್ಪ. ನಾನೂ ಅಲ್ಲೇ ಇದ್ದೆ, ಕೇಳಿಸ್ಕಂಡೀನಿ. ನೀನೇ ಕೂತ್ಕ ಅಂದಿದ್ದು ನಂಗೆ ಕೇಳಿಸ್ಲಿಲ್ಲ.”

“ನಿಂಗೆ ನೇಯಾಕೆ ಯಾವಾಗ ಬಂತು?”

“ಮೂವತ್ತು ವರ್ಷ ಪಕ್ಕದಾಗೆ ಕೂತು ಲಾಳಿಗೆ ಹಾಕೋ ರೇಷ್ಮೆ ಎಳೆ ಕಂಡಿಕೆಗೆ ಸುತ್ತಿ ಕೊಟ್ಟೀನಿ. ಒಂದಿನ ನೀ ಇಳಿ ಅಂದ್ರಾ? ನೀವು ಗಿಡ ಆರಿಸಾಕೆ ಹೋದ್ರಲ್ಲ, ಆ ಹನ್ನೆರಡು ದಿನ ಬಾಗ್ಲು ಹಾಕ್ಕಂಡು ಹೊಟ್ಟೆ ತುಂಬ ನೇಯ್ದೆ.”

ನಾನು ಬಗ್ಗಿ ಅವಳು ನೇಯ್ದ ಗೇಣು ಬಟ್ಟೆಯ ಬೆನ್ನು ತಿರುಗಿಸಿದೆ. ಒಂದು ಎಳೆಯೂ ತಪ್ಪಿಲ್ಲ. ನನ್ನದು ಯಾವತ್ತೂ ಹಾಗೆ ಬಂದಿಲ್ಲ. ನಾನು ಯಾವ ಗುಣಿಯಿಂದ ಮೇಲೆ ಬರಲು ಒದ್ದಾಡಿದೆನೋ, ಅದಕ್ಕೆ ಇಳಿಯಲು ಇವಳು ದಡದಲ್ಲಿ ಮೂವತ್ತು ವರ್ಷ ಕಾದಿದ್ದಾಳೆ. ನನಗೆ ಅಳು ಬಂತು, ಅವಳು ನೋಡಲಿಲ್ಲ.

ಸೋಮವಾರ ಚಳ್ಳಕೆರೆಗೆ ಹೋಗುತ್ತೇನೆ ಅಪ್ಪ. ಅಲ್ಲಿ ತೆಗೆಯುವ ಮೊದಲ ಗುಣಿಗೆ ನಿನ್ನ ಕ್ರೋಟನ್ನನ್ನೇ ಇಡುತ್ತೇನೆ. ಇಲ್ಲಿಯ ಗುಣಿ ಖಾಲಿ ಇಲ್ಲ, ನೀನು ಚಿಂತೆ ಮಾಡಬೇಡ. ಆದರೆ ಒಂದು ಹೇಳು. ಅವತ್ತು ಬೆಂಗಳೂರಿನಿಂದ ಬಂದು ಮಗ್ಗದ ಬಟ್ಟೆಯ ಬೆನ್ನು ತಿರುಗಿಸಿ ನೋಡಿದೆಯಲ್ಲ, ಎಲೆಯ ಬೆನ್ನಲ್ಲೂ ನೇಯ್ದವನ ಕೈ ಹುಡುಕಿದ ನಿನಗೆ, ಅದು ಯಾರ ಕೈ ಎಂದು ಗೊತ್ತಾಗಲಿಲ್ಲವೇ?

ಗೊತ್ತಾಗಿಯೂ ಸುಮ್ಮನಿದ್ದೆಯಾ?

ಅವ್ವ ಒಳಗಿಂದ ಕೂಗುತ್ತಿದ್ದಾಳೆ. ಕಂಡಿಕೆ ಮುಗಿದಿದೆಯಂತೆ, ನಾನು ಹೋಗಿ ಸುತ್ತಿ ಕೊಡಬೇಕು.

ನಿನ್ನ ಮಗ,
ತಿಪ್ಪ